ಹೊಸ ಕಟಿಂಗ್ ಪ್ಲೇಯರ್ ಬಿಗಿಯಾಗಿದೆಯೇ? ಗ್ಯಾಸ್ ಉರಿಗೆ ಹಿಡಿಯುವ ಮೊದಲು ಇದನ್ನು ಓದಿ

"ಹೊಸ ಕಟಿಂಗ್ ಪ್ಲೇಯರ್ ತೆರೆಯೋಕೇ ಆಗ್ತಿಲ್ವಾ? ಗ್ಯಾಸ್ ಉರಿಯಲ್ಲಿ ಎರಡು ನಿಮಿಷ ಕಾಯಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ಬೆಣ್ಣೆ ಥರ ಓಡುತ್ತೆ! ಎಲ್ಲ ವೈರ್‌ಮನ್ ಅಣ್ಣಂದಿರಿಗೂ ತಲುಪಿಸಿ."

ನಮ್ಮ ತಂಡದ ಒಬ್ಬರ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಇಂಥದ್ದೊಂದು ಸಂದೇಶ ಬಂದಿತ್ತು. ಅವರ ತಂದೆ ಬಹಳ ವರ್ಷಗಳಿಂದ ಮನೆಗಳ ವೈರಿಂಗ್ ಕೆಲಸ ಮಾಡುವವರು. ಹೊಸದಾಗಿ ತಂದಿದ್ದ ಪ್ಲೇಯರ್ ಒಂದೇ ಕೈಯಲ್ಲಿ ತೆರೆಯಲು ಬರುತ್ತಿರಲಿಲ್ಲ. ವಯಸ್ಸಿನ ಕಾರಣಕ್ಕೆ ಬೆರಳಿನ ಗೆಣ್ಣು ನೋವು ಬೇರೆ. ಸಂದೇಶದಲ್ಲಿ ಹೇಳಿದಂತೆ ಮಾಡಿದರು. ಪ್ಲೇಯರ್ ನಿಜಕ್ಕೂ ಸಡಿಲವಾಯಿತು. ಅವರು ಖುಷಿಯಿಂದ ಅದೇ ಸಂದೇಶವನ್ನು ಇನ್ನೂ ನಾಲ್ಕು ಜನರಿಗೆ ಕಳಿಸಿದರು.

ಎರಡು ವಾರ ಕಳೆಯುವಷ್ಟರಲ್ಲಿ ಜಿಐ ತಂತಿ ಕತ್ತರಿಸುವಾಗ ತಂತಿ ತುಂಡಾಗಲಿಲ್ಲ. ಬದಲಿಗೆ ಪ್ಲೇಯರಿನ ಅಲಗಿನಲ್ಲೇ ತಂತಿಯ ಆಕಾರದ ಹಳ್ಳ ಬಿತ್ತು. "ಕಂಪನಿಯವರು ಮೋಸ ಮಾಡಿದ್ರು" ಎಂದರು ಅವರು. ಮಗಳಿಗೆ ಅನುಮಾನ ಬಂತು. ಅಲ್ಲಿಂದ ಈ ಲೇಖನ ಶುರುವಾಯಿತು.

ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ: ಹೊಸ ಪ್ಲೇಯರ್ ಬಿಗಿಯಾಗಿರುವುದು ಬಹುತೇಕ ಸಲ ದೋಷವಲ್ಲ. ಅದರ ಕೀಲಿನೊಳಗೆ ಒಣಗಿದ ಎಣ್ಣೆ ಮತ್ತು ಲೋಹದ ಪುಡಿ ಇರುತ್ತದೆ. ಅದನ್ನು ತೊಳೆದು, ತೆಳುವಾದ ಯಂತ್ರದ ಎಣ್ಣೆ ಹಾಕಿ, ಸಾಕಷ್ಟು ಸಲ ತೆರೆದು ಮುಚ್ಚಿದರೆ ಸಾಕು. ಬೆಂಕಿ, ಮರಳು, ಸುತ್ತಿಗೆ ಯಾವುದೂ ಬೇಡ.

ಕಾರಣಗಳನ್ನು ಒಂದೊಂದಾಗಿ ನೋಡೋಣ.

ಹೊಸದು ಬಿಗಿಯಾಗಿರುವುದೇಕೆ?

ಪುಸ್ತಕದಲ್ಲಿ ಇದಕ್ಕೆ ಇಕ್ಕಳ ಎನ್ನುತ್ತೇವೆ. ಅಂಗಡಿಯಲ್ಲಿ ಕೇಳುವಾಗ ಕಟಿಂಗ್ ಪ್ಲೇಯರ್, ಕೆಲವು ಕಡೆ ಪಕ್ಕಡ್. ಹೆಸರು ಏನೇ ಇದ್ದರೂ ರಚನೆ ಒಂದೇ. ಉಕ್ಕಿನ ಎರಡು ತುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಒಂದು ರಿವೆಟ್ ಅವನ್ನು ಹಿಡಿದಿಟ್ಟಿರುತ್ತದೆ. ಆ ಜಾಗವೇ ಕೀಲು.

ಪ್ಲೇಯರ್ ಒಂದು ಸನ್ನೆ. ನೀವು ಹಿಡಿಯನ್ನು ಒತ್ತುವ ಜಾಗ ಕೀಲಿನಿಂದ 120 ಮಿಲಿಮೀಟರ್ ದೂರವಿದೆ, ಕತ್ತರಿಸುವ ಅಲಗು 15 ಮಿಲಿಮೀಟರ್ ದೂರವಿದೆ ಎಂದುಕೊಳ್ಳಿ. ಆಗ ನೀವು ಹಾಕುವ ಬಲ ಅಲಗಿನ ಬಳಿ 8 ಪಟ್ಟು ಆಗುತ್ತದೆ. ಕೈಯಲ್ಲಿ 20 ಕೆ.ಜಿ.ಯಷ್ಟು ಒತ್ತಿದರೆ ತಂತಿಯ ಮೇಲೆ ಸುಮಾರು 160 ಕೆ.ಜಿ.ಯಷ್ಟು ಬೀಳುತ್ತದೆ. ಇಷ್ಟು ಬಲವನ್ನು ತಡೆಯಬೇಕಾದ ಕೀಲು ಅಲುಗಾಡಬಾರದು. ಅದಕ್ಕೇ ತಯಾರಕರು ಎರಡು ತುಂಡುಗಳ ನಡುವೆ ಕೂದಲೆಳೆಗಿಂತಲೂ ಕಡಿಮೆ ಸಂದು ಬಿಡಲು ಪ್ರಯತ್ನಿಸುತ್ತಾರೆ.

ಈ ಕಿರಿದಾದ ಸಂದಿನಲ್ಲಿ ಮೂರು ಸಂಗತಿಗಳು ಸೇರಿಕೊಳ್ಳುತ್ತವೆ.

ಮೊದಲನೆಯದು, ತುಕ್ಕು ತಡೆಯುವ ಲೇಪನ. ಜಲಂಧರ್, ಲೂಧಿಯಾನ, ನಾಗೌರ್, ನಾಸಿಕ್‌ನಂಥ ಕಡೆ ತಯಾರಾದ ಉಪಕರಣ ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿ ತಲುಪಿ, ಮಾರಾಟವಾಗುವವರೆಗೆ ತಿಂಗಳುಗಟ್ಟಲೆ ಆಗಬಹುದು. ಮಳೆಗಾಲವೂ ನಡುವೆ ಬಂದು ಹೋಗುತ್ತದೆ. ಅಷ್ಟು ದಿನ ತುಕ್ಕು ಹಿಡಿಯದಿರಲೆಂದು ಎಣ್ಣೆಯನ್ನೋ ವಾರ್ನಿಷ್‌ನಂಥ ಲೇಪನವನ್ನೋ ಹಚ್ಚಿರುತ್ತಾರೆ. ಅದು ಕೀಲಿನೊಳಗೆ ಇಳಿದು, ಕ್ರಮೇಣ ದಪ್ಪವಾಗಿ ಅಂಟಿನಂತಾಗುತ್ತದೆ.

ಎರಡನೆಯದು, ಉಕ್ಕಿನ ಪುಡಿ. ಪ್ಲೇಯರನ್ನು ಉಜ್ಜಿ, ಪಾಲಿಶ್ ಮಾಡುವಾಗ ಬಿದ್ದ ನುಣುಪಾದ ಪುಡಿ ಲೇಪನದ ಜೊತೆ ಬೆರೆತು ಕೂತಿರುತ್ತದೆ.

ಮೂರನೆಯದು, ಲೋಹದ ಮೇಲ್ಮೈ. ಬರಿಗಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದು ಉಬ್ಬು ತಗ್ಗುಗಳ ಬೆಟ್ಟಸಾಲು. ಹೊಸ ಮೇಲ್ಮೈಗಳ ಉಬ್ಬುಗಳು ಒಂದಕ್ಕೊಂದು ತಾಗುತ್ತವೆ. ಬಳಸುತ್ತ ಹೋದಂತೆ ಅವುಗಳ ತುದಿ ಸವೆದು ಓಟ ಸಲೀಸಾಗುತ್ತದೆ.

ಹೊಸ ಗ್ರೈಂಡರ್ ತಂದಾಗ ನಾವೇನು ಮಾಡುತ್ತೇವೆ? ಮೊದಲ ಎರಡು ಮೂರು ಸಲ ಒಂದಿಷ್ಟು ಅಕ್ಕಿ ರುಬ್ಬಿ, ಆ ಹಿಟ್ಟನ್ನು ಚೆಲ್ಲುತ್ತೇವೆ. ಕಲ್ಲಿನ ಪುಡಿ ಹೋಗಲಿ, ಕಲ್ಲು ಪಳಗಲಿ ಎಂದು. ಪ್ಲೇಯರ್ ಪಳಗಿಸುವುದೂ ಹೀಗೆಯೇ. ಒಳಗಿನ ಕೊಳೆ ಹೊರಗೆ ಬರಬೇಕು, ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು.

ಈಗ ಹರಿದಾಡುವ ಸಲಹೆಗಳನ್ನು ಪರೀಕ್ಷಿಸೋಣ.

ಸಲಹೆ 1: "ಗ್ಯಾಸ್ ಉರಿಯಲ್ಲಿ ಕಾಯಿಸಿ"
ನಮ್ಮ ತೀರ್ಮಾನ: ತಪ್ಪು, ಅಪಾಯಕಾರಿ

ಈ ಸಲಹೆ ಯಾಕೆ ನಂಬುವಂತೆ ಕಾಣುತ್ತದೆ? ಏಕೆಂದರೆ ಕಾಯಿಸಿದ ತಕ್ಷಣ ಒಳಗಿನ ಗಟ್ಟಿ ಎಣ್ಣೆ ಕರಗುತ್ತದೆ, ಪ್ಲೇಯರ್ ಸಡಿಲವಾಗುತ್ತದೆ. ಫಲ ಕಣ್ಣೆದುರೇ ಕಾಣುತ್ತದೆ. ನಷ್ಟ ಮಾತ್ರ ಕಾಣುವುದಿಲ್ಲ.

ಪ್ಲೇಯರಿನ ಅಲಗು ತಂತಿಗಿಂತ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ತಂತಿಯೇ ಅಲಗನ್ನು ಕಡಿಯುತ್ತದೆ. ಈ ಗಡಸುತನ ಉಕ್ಕಿಗೆ ತಾನಾಗಿ ಬರುವುದಿಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ, ಒಮ್ಮೆಲೇ ತಣಿಸುತ್ತಾರೆ. ಆಗ ಅದು ತುಂಬ ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನಂತೆ ಬಿರುಕು ಬಿಡುವ ಸ್ವಭಾವವೂ ಬರುತ್ತದೆ. ಅದನ್ನು ಕಡಿಮೆ ಮಾಡಲು ಮತ್ತೆ ಹಿತವಾಗಿ, ಅಳತೆ ಮೀರದಂತೆ ಕಾಯಿಸುತ್ತಾರೆ. ಇದಕ್ಕೆ ಹದ ಕೊಡುವುದು ಎನ್ನುತ್ತಾರೆ. ನಮ್ಮ ಕಮ್ಮಾರರು ಕುಡುಗೋಲು, ಮಚ್ಚುಗಳಿಗೆ ಮಾಡುವುದೂ ಇದನ್ನೇ.

ಹದದ ನಿಯಮ ಸರಳ: ಮತ್ತೆ ಎಷ್ಟು ಹೆಚ್ಚು ಕಾಯಿಸಿದರೆ, ಉಕ್ಕು ಅಷ್ಟು ಮೆತ್ತಗಾಗುತ್ತದೆ. ಸಾಮಾನ್ಯ ಇಂಗಾಲದ ಉಕ್ಕನ್ನು ಕಾಯಿಸುವಾಗ ಬಣ್ಣವೇ ಇದನ್ನು ತೋರಿಸುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ, 260ರ ಹೊತ್ತಿಗೆ ಕಂದು, 300ರ ಹೊತ್ತಿಗೆ ನೀಲಿ. ನೀಲಿ ದಾಟಿ ಬೂದು ಬಣ್ಣಕ್ಕೆ ಬಂತೆಂದರೆ ಅಲಗಿಗೆ ಬೇಕಾದ ಗಡಸುತನ ಬಹಳಷ್ಟು ಹೋಯಿತೆಂದೇ ಅರ್ಥ. ಅಡುಗೆ ಗ್ಯಾಸಿನ ಜ್ವಾಲೆಯ ತಾಪ 1,900 ಡಿಗ್ರಿಯ ಆಸುಪಾಸು. ಇಡೀ ಪ್ಲೇಯರ್ ಅಷ್ಟು ಬಿಸಿಯಾಗುವುದಿಲ್ಲ, ನಿಜ. ಆದರೆ ಅಲಗಿನ ತುದಿ ತೆಳುವಾಗಿರುವುದರಿಂದ ಅದು ಎಲ್ಲಕ್ಕಿಂತ ಬೇಗ ಕಾಯುತ್ತದೆ. ಎಲ್ಲಿ ಗಡಸುತನ ಬೇಕೋ ಅಲ್ಲೇ ಮೊದಲು ಕಳೆದುಹೋಗುತ್ತದೆ.

ನಮ್ಮ ಸಹೋದ್ಯೋಗಿಯ ತಂದೆಯ ಪ್ಲೇಯರಿನ ಅಲಗಿನ ಬಳಿ ನೀಲಿ, ಬೂದು ಬಣ್ಣದ ಕಲೆ ಇತ್ತು. ಅವರು ಅದನ್ನು ಹೊಗೆಯ ಕಲೆ ಎಂದುಕೊಂಡಿದ್ದರು.

ಇನ್ನೊಂದು ಮಾತು. ಈ ಸಲಹೆ ಹುಟ್ಟಿದ್ದು ದೋಸೆ ಹಂಚಿನಿಂದ ಇರಬಹುದು ಎಂದು ನಮ್ಮ ಊಹೆ. ಕಬ್ಬಿಣದ ಹಂಚನ್ನು ನಾವು ಎಣ್ಣೆ ಸವರಿ, ಕಾಯಿಸಿ ಪಳಗಿಸುತ್ತೇವೆ. ಕಾದ ಎಣ್ಣೆ ಹಂಚಿನ ಮೇಲೆ ಗಟ್ಟಿಯಾದ ತೆಳು ಪದರವಾಗಿ ಕೂರುತ್ತದೆ, ಅದರಿಂದ ದೋಸೆ ಅಂಟದೆ ಏಳುತ್ತದೆ. ಹಂಚಿಗೆ ಆ ಪದರ ಬೇಕು. ಪ್ಲೇಯರಿನ ಕೀಲಿಗೆ ಬೇಡ. ಕೂದಲೆಳೆಗಿಂತ ಕಿರಿದಾದ ಸಂದಿನಲ್ಲಿ ಅಂಥ ಪದರ ಕೂತರೆ ಅದೇ ಅಂಟಾಗುತ್ತದೆ.

ಸಲಹೆ 2: "ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಯಾವುದಾದರೂ ಸಾಕು"
ನಮ್ಮ ತೀರ್ಮಾನ: ಒಂದೆರಡು ದಿನಕ್ಕೆ ನಿಜ, ಆಮೇಲೆ ತೊಂದರೆ

ಯಾವ ಎಣ್ಣೆ ಹಾಕಿದರೂ ಮೊದಲಿಗೆ ಸಲೀಸಾಗುತ್ತದೆ. ಪ್ರಶ್ನೆ ಇರುವುದು ಎರಡು ತಿಂಗಳ ನಂತರ ಏನಾಗುತ್ತದೆ ಎಂಬುದು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸುವುದು ಎಲ್ಲರಿಗೂ ಗೊತ್ತು. ಡಿಸೆಂಬರ್ ಬೆಳಗ್ಗೆ ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಯಂಥ ಕಡೆ ಪ್ಲೇಯರಿನ ಕೀಲಿನೊಳಗೂ ಅದೇ ಆಗುತ್ತದೆ. ರಾತ್ರಿ ಸಲೀಸಾಗಿದ್ದದ್ದು ಬೆಳಗ್ಗೆ ಮತ್ತೆ ಬಿಗಿ.

ಸೂರ್ಯಕಾಂತಿಯಂಥ ಅಡುಗೆ ಎಣ್ಣೆಗಳು ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಜಿಗುಟಾಗುತ್ತವೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಮೈಯನ್ನು ಮುಟ್ಟಿ ನೋಡಿ, ಆ ಅಂಟೇ ಇದು. ಅಗಸೆ ಎಣ್ಣೆಯಂತೂ ಪೂರ್ತಿ ಒಣಗಿ ಪದರವಾಗುತ್ತದೆ. ಕ್ರಿಕೆಟ್ ಬ್ಯಾಟಿಗೆ ಅದನ್ನು ಹಚ್ಚಲು ಆ ಗುಣವೂ ಒಂದು ಕಾರಣ. ಕೀಲಿಗೆ ಅದು ಅಪಾಯ.

ಇದಕ್ಕೆ ಸರಿಯಾದ ಎಣ್ಣೆ ದುಬಾರಿಯದೇನಲ್ಲ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಪುಟ್ಟ ಬಾಟಲಿ ಸಾಕು. ಅದು ಖನಿಜ ತೈಲ. ತೆಳುವಾಗಿರುತ್ತದೆ, ಸಂದಿಗೆ ಇಳಿಯುತ್ತದೆ, ಅಡುಗೆ ಎಣ್ಣೆಯಂತೆ ಜಿಗುಟಾಗುವುದಿಲ್ಲ.

ಸಲಹೆ 3: "ಸ್ಪ್ರೇ ಹೊಡೆದರೆ ಸಾಕು"
ನಮ್ಮ ತೀರ್ಮಾನ: ಅರ್ಧ ಸತ್ಯ

ಡಬ್ಲ್ಯೂಡಿ-40ಯಂಥ ಸ್ಪ್ರೇ ಈಗ ಬಹುತೇಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಇದು ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿಯಲ್ಲಿ. ಹೆಸರಿನ ಮೊದಲೆರಡು ಅಕ್ಷರಗಳ ಅರ್ಥ ನೀರನ್ನು ದೂರ ಸರಿಸುವುದು ಎಂದು. 40 ಎಂದರೆ ನಲವತ್ತನೆಯ ಪ್ರಯತ್ನದಲ್ಲಿ ಸೂತ್ರ ಕೈಗೂಡಿತು ಎಂದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಕಾಯಲು ಇದನ್ನು ಮೊದಲು ಬಳಸಿದರು.

ಅಂದರೆ ಇದರ ಮುಖ್ಯ ಕೆಲಸ ಎಣ್ಣೆ ಹಾಕುವುದಲ್ಲ. ಇದರಲ್ಲಿ ಹೆಚ್ಚಿನ ಪಾಲು ಕರಗಿಸುವ ದ್ರಾವಕ. ಒಣಗಿದ ಲೇಪನವನ್ನು ಸಡಿಲಿಸಲು ಇದು ಚೆನ್ನಾಗಿ ಕೆಲಸ ಮಾಡುತ್ತದೆ. ದ್ರಾವಕ ಆವಿಯಾದ ಮೇಲೆ ಉಳಿಯುವುದು ತೀರ ತೆಳುವಾದ ಎಣ್ಣೆಯ ಪದರ. ಆದ್ದರಿಂದ ಸ್ಪ್ರೇಯನ್ನು ತೊಳೆಯಲು ಬಳಸಿ, ಕೊನೆಗೆ ಯಂತ್ರದ ಎಣ್ಣೆ ಹಾಕಿ. ಒಲೆಯ ಹತ್ತಿರ, ದೀಪದ ಹತ್ತಿರ ಹೊಡೆಯಬೇಡಿ. ಅದು ಹೊತ್ತಿಕೊಳ್ಳುತ್ತದೆ.

ಸಲಹೆ 4: "ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ಮುಳುಗಿಸಿಡಿ"
ನಮ್ಮ ತೀರ್ಮಾನ: ಅರ್ಧ ಸತ್ಯ, ಎರಡು ಎಚ್ಚರಿಕೆಗಳೊಂದಿಗೆ

ಸೀಮೆಎಣ್ಣೆ ಗಟ್ಟಿ ಲೇಪನವನ್ನು ಕರಗಿಸುತ್ತದೆ ಎಂಬುದು ನಿಜ. ಗ್ಯಾರೇಜುಗಳಲ್ಲಿ ಬಿಡಿಭಾಗ ತೊಳೆಯಲು ಹಿಂದಿನಿಂದಲೂ ಬಳಸುತ್ತಾರೆ. ಆದರೆ ಇಡೀ ಪ್ಲೇಯರನ್ನು ಮುಳುಗಿಸಿದರೆ ಹಿಡಿಯ ಪ್ಲಾಸ್ಟಿಕ್ ಕವಚವೂ ಅದರಲ್ಲಿ ನೆನೆಯುತ್ತದೆ. ಅದು ಉಬ್ಬಬಹುದು, ಮೆತ್ತಗಾಗಬಹುದು, ಒಳಗೆ ಎಣ್ಣೆ ಇಳಿದು ಜಾರಬಹುದು. ಕರೆಂಟ್ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಮುಳುಗಿಸುವುದಾದರೆ ಕೀಲಿನವರೆಗೆ ಮಾತ್ರ, ತಲೆ ಕೆಳಗಾಗಿ. ಹಿಡಿ ಹೊರಗಿರಲಿ.

ಎರಡನೆಯ ಎಚ್ಚರಿಕೆ ಮಕ್ಕಳಿರುವ ಮನೆಗೆ. ಸೀಮೆಎಣ್ಣೆ, ಥಿನ್ನರ್‌ಗಳನ್ನು ನೀರಿನ ಬಾಟಲಿಯಲ್ಲೋ ಲೋಟದಲ್ಲೋ ಇಡಲೇಬೇಡಿ. ನೀರೆಂದು ಮಗು ಒಂದು ಗುಟುಕು ಕುಡಿದರೂ ಅದು ಶ್ವಾಸಕೋಶಕ್ಕೆ ಇಳಿದು ಉರಿಯೂತ ತರಬಹುದು. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಇನ್ನೂ ಹೆಚ್ಚು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಕರೆ ಮಾಡಿ. ಪೆಟ್ರೋಲನ್ನಂತೂ ಮನೆಯೊಳಗೆ ಯಾವ ಕಾರಣಕ್ಕೂ ತೊಳೆಯಲು ಬಳಸಬೇಡಿ. ಅದರ ಆವಿ ನೆಲದ ಮಟ್ಟದಲ್ಲಿ ಹರಡಿ, ದೂರದ ಕಿಡಿಗೂ ಹೊತ್ತಿಕೊಳ್ಳಬಲ್ಲದು.

ಸಲಹೆ 5: "ಟೂತ್‌ಪೇಸ್ಟ್ ಅಥವಾ ನಯವಾದ ಮರಳು ಹಾಕಿ ಆಡಿಸಿ"
ನಮ್ಮ ತೀರ್ಮಾನ: ತಪ್ಪು

ಉಜ್ಜುವ ಪುಡಿ ಹಾಕಿದರೆ ಉಬ್ಬುಗಳು ಬೇಗ ಸವೆಯುತ್ತವೆ ಎಂಬುದು ಇದರ ಹಿಂದಿನ ತರ್ಕ. ತರ್ಕ ಪೂರ್ತಿ ಸುಳ್ಳಲ್ಲ, ವಸ್ತು ತಪ್ಪು.

ಟೂತ್‌ಪೇಸ್ಟಿನಲ್ಲಿ ಇರುವ ಉಜ್ಜುವ ಪದಾರ್ಥ ಹಲ್ಲಿಗೆ ಹಾನಿಯಾಗದಷ್ಟು ಮೃದು. ಗಡಸು ಉಕ್ಕನ್ನು ಅದು ಹೆಚ್ಚೇನೂ ಸವೆಸದು. ಆದರೆ ಅದರಲ್ಲಿನ ನೀರು ತುಕ್ಕಿಗೆ ದಾರಿ ಮಾಡುತ್ತದೆ, ಉಳಿದದ್ದು ಒಣಗಿ ಬಿಳಿ ಹಕ್ಕಳೆಯಾಗುತ್ತದೆ.

ಮರಳು ಅದಕ್ಕೆ ವಿರುದ್ಧ. ಮರಳಿನ ಮುಖ್ಯ ಅಂಶ ಸ್ಫಟಿಕ ಶಿಲೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಅದು ಉಕ್ಕನ್ನೂ ಗೀರಬಲ್ಲದು. ಸಂದಿಗಿಂತ ದೊಡ್ಡ ಕಣಗಳು ಒಳಗೆ ಸಿಕ್ಕಿಕೊಂಡು ಆಳವಾದ ಗೀರು ಮಾಡುತ್ತವೆ. ಮೇಲಾಗಿ, ಒಳಗೆ ಉಳಿದ ಕಣ ನೀವು ನಿಲ್ಲಿಸಿದ ಮೇಲೂ ಸವೆಸುತ್ತಲೇ ಇರುತ್ತದೆ.

ಸವೆದರೆ ಏನಾಯಿತು, ಸಡಿಲವಾಗಬೇಕೆಂದೇ ಅಲ್ಲವೇ ಎಂದು ನೀವು ಕೇಳಬಹುದು. ಒಂದು ಲೆಕ್ಕ ನೋಡಿ. ಕೀಲಿನ ಅಗಲ 20 ಮಿಲಿಮೀಟರ್, ಅಲ್ಲಿ 0.1 ಮಿಲಿಮೀಟರ್ ಅಲುಗಾಟ ಬಂದಿದೆ ಎಂದುಕೊಳ್ಳಿ. ಕೀಲಿನಿಂದ 40 ಮಿಲಿಮೀಟರ್ ದೂರದ ಮೂತಿಯ ತುದಿಯಲ್ಲಿ ಅದು ಸುಮಾರು 0.2 ಮಿಲಿಮೀಟರ್ ಆಗುತ್ತದೆ. ಮನೆಯಲ್ಲಿ ಬಳಸುವ 0.75 ಚದರ ಮಿಲಿಮೀಟರಿನ ಮೆತ್ತನೆಯ ವೈರಿನಲ್ಲಿ ಸಾಮಾನ್ಯವಾಗಿ 24 ಎಳೆಗಳಿರುತ್ತವೆ, ಒಂದೊಂದು ಎಳೆಯ ದಪ್ಪ 0.2 ಮಿಲಿಮೀಟರ್. ಅಂದರೆ ಕಣ್ಣಿಗೆ ಕಾಣದಷ್ಟು ಸವೆತ ಬಂದರೂ ಮೂತಿ ಎಳೆಯನ್ನು ಹಿಡಿಯದೆ ಜಾರುತ್ತದೆ, ಅಲಗು ಕತ್ತರಿಸದೆ ಮಡಚುತ್ತದೆ. ಬಿಗಿಯನ್ನು ಎಣ್ಣೆಯಿಂದ ಸರಿಮಾಡಬಹುದು. ಸವೆದ ಲೋಹವನ್ನು ಮತ್ತೆ ತುಂಬಲಾಗದು.

ನುರಿತ ಫಿಟ್ಟರ್‌ಗಳು ಕೊನೆಯ ಉಪಾಯವಾಗಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಬಳಸುವುದುಂಟು. ಅವರಿಗೆ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರುತ್ತದೆ, ಆಮೇಲೆ ಒಂದು ಕಣವೂ ಉಳಿಯದಂತೆ ತೊಳೆಯುತ್ತಾರೆ. ಮನೆಯಲ್ಲಿ ಮೊದಲ ಉಪಾಯವಾಗಿ ಇದು ಬೇಡ.

ಸಲಹೆ 6: "ರಿವೆಟ್ ಮೇಲೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ"
ನಮ್ಮ ತೀರ್ಮಾನ: ತಪ್ಪು

ರಿವೆಟ್‌ನ ತಲೆಗೆ ಹೊಡೆದರೆ ಅದು ಚಪ್ಪಟೆಯಾಗಿ ಇನ್ನಷ್ಟು ಬಿಗಿಯಾಗುತ್ತದೆ. ಸಡಿಲವಾದ ಹಳೆಯ ಪ್ಲೇಯರನ್ನು ಬಿಗಿ ಮಾಡಲು ಮಾಡುವ ಕೆಲಸವಿದು. ಜೊತೆಗೆ ಗಡಸು ಉಕ್ಕಿನ ಮೇಲೆ ಸುತ್ತಿಗೆ ಬಿದ್ದಾಗ ಚೂರು ಸಿಡಿದು ಕಣ್ಣಿಗೆ ತಾಗಬಹುದು. ಹಿಡಿಗೆ ಕೊಳವೆ ಸಿಕ್ಕಿಸಿ ಬಲವಂತವಾಗಿ ಅಗಲಿಸುವುದೂ ತಪ್ಪು. ಹಿಡಿ ಬಾಗುತ್ತದೆ, ಬಾಯಿ ಒಂದಕ್ಕೊಂದು ಕೂರುವುದಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಬೇಕಾಗುವುದು: ಹೊಲಿಗೆ ಯಂತ್ರದ ಎಣ್ಣೆ, ಹಳೆಯ ಹತ್ತಿ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್. ಇದ್ದರೆ ದ್ರಾವಕದ ಸ್ಪ್ರೇ. ಒಟ್ಟು ಅರ್ಧ ಗಂಟೆಯ ಕೆಲಸ, ಜೊತೆಗೆ ಒಂದು ರಾತ್ರಿ ಕಾಯುವುದು.

1. ಪ್ಲೇಯರನ್ನು ಎಷ್ಟು ಬರುತ್ತದೋ ಅಷ್ಟು ತೆರೆಯಿರಿ. ಎರಡು ಕೈ ಬಳಸಿ, ಆದರೆ ಅಡ್ಡಕ್ಕೆ ತಿರುಚಬೇಡಿ. ಅಲಗು, ಕೀಲಿನ ಸಂದಿನಲ್ಲಿ ಬೆರಳು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

2. ಕಿಟಕಿ ತೆರೆದ ಜಾಗದಲ್ಲಿ, ಕೀಲಿನ ಎರಡೂ ಬದಿಗೆ ಸ್ಪ್ರೇ ಹೊಡೆಯಿರಿ. ಸ್ಪ್ರೇ ಇಲ್ಲದಿದ್ದರೆ ಎಣ್ಣೆಯನ್ನೇ ನಾಲ್ಕೈದು ಹನಿ ಬಿಡಿ. ಹಿಡಿಯ ಕವಚಕ್ಕೆ ತಾಗದಿರಲಿ. ಹತ್ತು ಹದಿನೈದು ನಿಮಿಷ ಬಿಡಿ. ತೆಳುವಾದ ದ್ರವ ತಾನಾಗಿಯೇ ಸಂದಿಗೆ ಇಳಿಯುತ್ತದೆ, ದೀಪದ ಬತ್ತಿ ಎಣ್ಣೆ ಹೀರಿದಂತೆ.

3. ಐವತ್ತು ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚಿ. ಸಂದಿನಿಂದ ಕಪ್ಪು ದ್ರವ ಹೊರಬರುತ್ತದೆ. ಅದು ಹಳೆಯ ಲೇಪನ ಮತ್ತು ಉಕ್ಕಿನ ಪುಡಿ. ಹೆದರಬೇಡಿ, ಅದು ಹೊರಗೆ ಬರಬೇಕೆಂಬುದೇ ನಮ್ಮ ಉದ್ದೇಶ. ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ.

4. ಕಪ್ಪು ಬರುವುದು ಕಡಿಮೆಯಾಗುವವರೆಗೆ ಎರಡನೆಯ, ಮೂರನೆಯ ಹಂತವನ್ನು ಇನ್ನೆರಡು ಸಲ ಮಾಡಿ. ಒರೆಸದೆ ಬರೀ ಎಣ್ಣೆ ಹಾಕುತ್ತ ಹೋದರೆ ಪುಡಿ ಒಳಗೇ ಉಳಿಯುತ್ತದೆ. ಬಹಳ ಜನ ತಪ್ಪುವುದು ಇಲ್ಲೇ.

5. ಕೊನೆಗೆ ಎರಡು ಹನಿ ಯಂತ್ರದ ಎಣ್ಣೆ ಹಾಕಿ, ಬಾಯಿ ತೆರೆದಿಟ್ಟು ರಾತ್ರಿ ಬಿಡಿ. ಬೆಳಗ್ಗೆ ಮತ್ತೆ ಐವತ್ತು ಸಲ ಆಡಿಸಿ. ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿ.

6. ಹಿಡಿಯನ್ನು ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಎಣ್ಣೆಗೈಯಲ್ಲಿ ಕೆಲಸ ಶುರು ಮಾಡಬೇಡಿ.

ಇದನ್ನು ಒಂದೇ ಸಲಕ್ಕೆ ಕೂತು ಮಾಡಬೇಕೆಂದಿಲ್ಲ. ಕೈ ನೋವಿರುವವರು ಮನೆಯ ಬೇರೆಯವರಿಗೆ ಕೊಡಿ. ನಮ್ಮ ಸಹೋದ್ಯೋಗಿ ಅಪ್ಪನ ಎರಡನೆಯ ಪ್ಲೇಯರನ್ನು ಟಿವಿ ನೋಡುತ್ತ ಪಳಗಿಸಿದರು. ನೆಲಕ್ಕೆ ಹಳೆಯ ಪೇಪರ್ ಹಾಸಿಕೊಂಡಿದ್ದರು, ಅಷ್ಟೇ.

ನಿಮ್ಮ ಪ್ಲೇಯರಿನ ಕೀಲಿನಲ್ಲಿ ರಿವೆಟ್ ಬದಲು ಸ್ಕ್ರೂ ಇದೆಯೇ ಎಂದು ಒಮ್ಮೆ ನೋಡಿ. ಸ್ಕ್ರೂ ಇದ್ದರೆ ಅದನ್ನು ಒಂದು ಕೂದಲಿನಷ್ಟು ತಿರುಗಿಸಿದರೂ ಬಿಗಿ ಕಡಿಮೆಯಾಗುತ್ತದೆ.

ಎಷ್ಟು ಸಡಿಲವಾದರೆ ಸಾಕು?

ಒಂದು ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಇನ್ನೊಂದನ್ನು ತೆರೆದು ಬಿಡಿ. ಅದು ನಿಧಾನವಾಗಿ ಇಳಿದರೆ, ಅಥವಾ ಬೆರಳಿನಿಂದ ಚೂರು ತಳ್ಳಿದರೆ ಇಳಿದರೆ ಸಾಕು. ಪಟ್ಟನೆ ಬೀಳಲೇಬೇಕೆಂದಿಲ್ಲ. ಆಮೇಲೆ ಎರಡೂ ಹಿಡಿಗಳನ್ನು ಮೇಲೆ ಕೆಳಗೆ ಅಡ್ಡಕ್ಕೆ ಅಲುಗಿಸಿ. ಕಟಕಟ ಎಂದರೆ ಕೀಲು ಸಡಿಲ ಎಂದರ್ಥ. ಕೊನೆಗೆ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಅಲಗುಗಳು ಉದ್ದಕ್ಕೂ ಕೂಡಿರಬೇಕು.

ಉಳಿದ ಚೂರು ಬಿಗಿ ಒಂದೆರಡು ವಾರದ ಬಳಕೆಯಲ್ಲಿ ತಾನಾಗಿ ಹೋಗುತ್ತದೆ.

ಯಾವಾಗ ಅಂಗಡಿಗೆ ವಾಪಸ್ ಕೊಡಬೇಕು?

"ಬಿಗಿ ಇದ್ದರೆ ನಕಲಿ ಮಾಲು" ಎಂಬ ಮಾತೂ ಹರಿದಾಡುತ್ತದೆ. ಬಿಗಿಯೊಂದನ್ನೇ ನೋಡಿ ಹಾಗೆ ಹೇಳಲಾಗದು. ಅಂಗಡಿಯಲ್ಲೇ ಸಲೀಸಾಗಿ, ಲಟಪಟ ಎನ್ನುವ ಪ್ಲೇಯರ್ ಎಷ್ಟೋ ಸಲ ಕಳಪೆಯದು.

ಆದರೆ ಕೆಲವು ಲಕ್ಷಣಗಳು ನಿಜವಾದ ದೋಷ. ಮೂರು ಸಲ ತೊಳೆದು ಎಣ್ಣೆ ಹಾಕಿದರೂ ಎರಡು ಕೈ ಬೇಕಾಗುವುದು. ಒಂದು ಜಾಗದಲ್ಲಿ ಸಲೀಸು, ಇನ್ನೊಂದು ಜಾಗದಲ್ಲಿ ತಡೆದು ನಿಲ್ಲುವುದು. ಬಾಯಿ ಮುಚ್ಚಿದಾಗ ಎರಡು ತುದಿ ಅಕ್ಕಪಕ್ಕ ಜಾರಿರುವುದು. ರಿವೆಟ್ ಸುತ್ತ ಬಿರುಕು ಕಾಣುವುದು. ಇಂಥದ್ದನ್ನು ಬಿಲ್ ಸಮೇತ ವಾಪಸ್ ಕೊಡಿ. ಗ್ಯಾಸ್ ಉರಿಗೆ ಹಿಡಿದ ಪ್ಲೇಯರನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ಕರೆಂಟ್ ಕೆಲಸಕ್ಕೆ ಬಳಸುವವರಿಗೆ ಒಂದು ಮಾತು

ಈ ವಿಷಯ ಹುಡುಕುವಾಗ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಹಿಡಿಯ ಕವಚ. ಬಣ್ಣದ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಶಾಕ್ ಹೊಡೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯ ಪ್ಲೇಯರಿನ ಕವಚ ಕೈಗೆ ಹಿತವಾಗಿರಲೆಂದು ಹಾಕಿದ್ದು. ವಿದ್ಯುತ್ ತಡೆಯಲೆಂದೇ ತಯಾರಿಸಿ, ಪರೀಕ್ಷಿಸಿದ ಉಪಕರಣದ ಮೇಲೆ ಎರಡು ತ್ರಿಕೋನಗಳ ಗುರುತು ಮತ್ತು 1000 ವೋಲ್ಟ್ ಎಂಬ ಬರಹ ಇರುತ್ತದೆ. ಇದು ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು.

ಅಂಥ ಪ್ಲೇಯರನ್ನು ಕೂಡ ಒಮ್ಮೆ ಉರಿಗೆ ಹಿಡಿದರೆ, ಸೀಮೆಎಣ್ಣೆಯಲ್ಲಿ ನೆನೆಸಿದರೆ, ಆ ಗುರುತಿಗೆ ಬೆಲೆಯಿಲ್ಲ. ಕೀಲಿನ ಹತ್ತಿರ ಕವಚ ಕರಗಿದ್ದರೆ, ಬಿರುಕು ಬಿಟ್ಟಿದ್ದರೆ, ತಿರುಗುತ್ತಿದ್ದರೆ ಅದನ್ನು ಕರೆಂಟ್ ಕೆಲಸಕ್ಕೆ ಬಳಸಬೇಡಿ. ಟೇಪ್ ಸುತ್ತಿದರೆ ಸರಿಯಾಗುವುದಿಲ್ಲ. ನಮ್ಮ ಮನೆಗಳ 230 ವೋಲ್ಟ್ ಜೀವ ತೆಗೆಯಲು ಸಾಕು. ಕವಚ ಎಷ್ಟೇ ಚೆನ್ನಾಗಿರಲಿ, ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ವೈರ್ ಮುಟ್ಟಿ.

ನಮ್ಮ ಸಹೋದ್ಯೋಗಿಯ ತಂದೆಯ ಮೊದಲ ಪ್ಲೇಯರಿನಲ್ಲಿ ಅಲಗು ಹಾಳಾಗಿದ್ದು ಕಣ್ಣಿಗೆ ಕಂಡಿತು. ಒಂದು ಬದಿಯ ಕವಚ ಕೀಲಿನ ಹತ್ತಿರ ಮೆತ್ತಗಾಗಿ, ಒಳಗಿನ ಉಕ್ಕು ಇಣುಕುತ್ತಿದ್ದದ್ದನ್ನು ಅವರು ಗಮನಿಸಿರಲಿಲ್ಲ. ಎರಡು ವಾರ ಅದರಲ್ಲೇ ಕೆಲಸ ಮಾಡಿದ್ದರು. ಏನೂ ಆಗಲಿಲ್ಲ ಎಂಬುದು ಅವರ ಅದೃಷ್ಟ. ಆ ಸಂದೇಶ ಕಳಿಸಿದ್ದ ನಾಲ್ಕೂ ಜನರಿಗೆ ಅವರೇ ಫೋನ್ ಮಾಡಿ, "ಉರಿಗೆ ಹಿಡೀಬೇಡಿ, ನಂದು ಹಾಳಾಯ್ತು" ಎಂದು ತಿಳಿಸಿದರು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಹೊಸ ಪ್ಲೇಯರ್ ಬಿಗಿಯಾಗಿದ್ದರೆ: ಕೀಲಿಗೆ ತೆಳುವಾದ ಯಂತ್ರದ ಎಣ್ಣೆ ಹಾಕಿ. ಐವತ್ತು ಸಲ ತೆರೆದು ಮುಚ್ಚಿ. ಕಪ್ಪು ಕೊಳೆ ಒರೆಸಿ. ಮತ್ತೆರಡು ಸಲ ಹೀಗೇ ಮಾಡಿ, ಕೊನೆಗೆ ಎರಡು ಹನಿ ಹಾಕಿ ರಾತ್ರಿ ಬಿಡಿ. ಬೆಂಕಿ ಬೇಡ, ಮರಳು ಬೇಡ, ಸುತ್ತಿಗೆ ಬೇಡ. ಹಿಡಿಯ ಕವಚಕ್ಕೆ ಸೀಮೆಎಣ್ಣೆ, ಥಿನ್ನರ್ ತಾಗಿಸಬೇಡಿ. ಕವಚ ಹಾಳಾಗಿದ್ದರೆ ಕರೆಂಟ್ ಕೆಲಸಕ್ಕೆ ಬಳಸಬೇಡಿ.

ನಿಮಗೂ ಗ್ಯಾಸ್ ಉರಿಯ ಸಂದೇಶ ಬಂದಿದ್ದರೆ, ಅದು ಬಂದ ಗುಂಪಿಗೇ ಈ ಐದಾರು ಸಾಲನ್ನು ಕಳಿಸಿ. ಆ ಗುಂಪಿನಲ್ಲಿ ವೈರಿಂಗ್ ಕೆಲಸ ಮಾಡುವ ಒಬ್ಬ ಅಣ್ಣನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ.